ಗೋವಾಕ್ಕೆ ದಿನಗೂಲಿಗೆ ಹೋಗುವವರಿಗೆ ಮತದಾನದ ದಿನದ ಕೂಲಿ ಸಿಗಬೇಕೇ?

ಸಿಗಬೇಕು. 1951ರ ಜನಪ್ರತಿನಿಧಿ ಕಾಯ್ದೆಯ 135ಬಿ ಕಲಂ ಪ್ರಕಾರ ಅಂದು ಸಂಬಳಸಹಿತ ರಜೆ, ದಿನಗೂಲಿಯವರಿಗೂ ಸೇರಿ. ಮಾಜಾಳಿಯಲ್ಲಿ ಗೋವಾ ಗಡಿ ದಾಟಿ ದುಡಿಯುವವರ ಮತ ಕಾರವಾರದಲ್ಲಿದ್ದರೂ ಈ ಹಕ್ಕು ಹೋಗುವುದಿಲ್ಲ. ಆದರೆ ಕೊಡದ ಮಾಲೀಕನಿಗೆ ದಂಡ ಎಷ್ಟು ಗೊತ್ತೇ? 500 ರೂಪಾಯಿವರೆಗೆ, ಅಷ್ಟೇ! ಗಾರೆ ಕೆಲಸದವನ ದಿನದ ಕೂಲಿಯೇ ಅದಕ್ಕಿಂತ ಹೆಚ್ಚು. ಮೇಲಾಗಿ, ಆಳು ಬಾರದಿದ್ದರೆ ಅಪಾಯ ಅಥವಾ ಭಾರೀ ನಷ್ಟ ಆಗುವಂಥ ಕೆಲಸಕ್ಕೆ ವಿನಾಯಿತಿಯೂ ಇದೆ. ಆ ನೆಪ ಹೇಳಲು ಯಾರಿಗೆ ಬರುವುದಿಲ್ಲ?

ಹೀಗೆ ಕೂಲಿ ಬಿಟ್ಟು ಬಂದವನ ಕೈಗೆ ಯಾರೋ ಮತಕ್ಕಾಗಿ ದುಡ್ಡಿನ ಲಕೋಟೆ ಇಟ್ಟರೆ ಅವನೊಬ್ಬನನ್ನೇ ಬೈಯಲು ನನಗೆ ಮನಸ್ಸಿಲ್ಲ. ಕಾನೂನಿನಲ್ಲಿ ಕೊಟ್ಟವನೂ ತಕ್ಕೊಂಡವನೂ ಇಬ್ಬರೂ ತಪ್ಪಿತಸ್ಥರು, ಒಂದು ವರ್ಷದವರೆಗೆ ಜೈಲಾಗಬಹುದು. ಇನ್ನು ಚುನಾವಣೆಯಲ್ಲಿ ಹರಿಯುವ ಹಣದ ಮಾತು: ಕರ್ನಾಟಕದಲ್ಲಿ ವಿಧಾನಸಭೆ ಅಭ್ಯರ್ಥಿಯ ಖರ್ಚಿಗೆ 40 ಲಕ್ಷ ರೂಪಾಯಿಯ ಮಿತಿಯಿದೆ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ.