ಪ್ರಾರ್ಥಿಸಿದರೂ ದೇವರು ಸುಮ್ಮನಿದ್ದಾನೆ ಅನಿಸುವಾಗ ಕ್ರಿಸ್ತನಲ್ಲಿ ನಂಬಿಕೆ ಉಳಿಸಿಕೊಳ್ಳುವುದು ಹೇಗೆ?

ಕೆಲಸ ಹೋಗಿದೆ, ಮನೆಯಲ್ಲಿ ಕಾಯಿಲೆ, ಎಷ್ಟು ಪ್ರಾರ್ಥಿಸಿದರೂ ಉತ್ತರವಿಲ್ಲ, ಸಭೆಯಲ್ಲಿ ಎಲ್ಲರೂ ಹಾಡುವಾಗ ಬಾಯೇ ಬರುವುದಿಲ್ಲ ಅಂತ ಬರೆದಿದ್ದೀರಿ. 'ನನ್ನ ನಂಬಿಕೆ ಸತ್ತೇ ಹೋಯಿತಾ?' ಅಂತ ಕೇಳಿದ್ದೀರಿ. ನನಗೆ ಹಾಗೆ ಅನಿಸುವುದಿಲ್ಲ. ಸತ್ತಿದ್ದರೆ ದೇವರ ಮೌನ ನಿಮ್ಮನ್ನು ಇಷ್ಟು ನೋಯಿಸುತ್ತಿರಲಿಲ್ಲ.

ಸಭೆಯಲ್ಲಿ ಸಾಕ್ಷಿ ಹೇಳಲು, ಅಂದರೆ ದೇವರು ತಮಗೆ ಮಾಡಿದ್ದನ್ನು ಎಲ್ಲರ ಮುಂದೆ ಹೇಳಲು, ಏಳುವವರು ಸಾಮಾನ್ಯವಾಗಿ ಉತ್ತರ ಸಿಕ್ಕ ಮೇಲೆ ಏಳುತ್ತಾರೆ. ಇನ್ನೂ ಕಾಯುತ್ತಿರುವವರು ಮೈಕ್ ಹಿಡಿಯುವುದು ಕಡಿಮೆ. ಅದಕ್ಕೇ ನಮ್ಮೊಬ್ಬರಿಗೇ ಹೀಗೆ ಅನಿಸಿಬಿಡುತ್ತದೆ. ನಿಮ್ಮ ಪಕ್ಕದಲ್ಲಿ ಕೈಯೆತ್ತಿ ಹಾಡುವವರಲ್ಲೂ ಎಷ್ಟೋ ಜನ ಕಾಯುತ್ತಲೇ ಇದ್ದಾರೆ.

ಬೈಬಲ್ ಈ ವಿಷಯದಲ್ಲಿ ನಮಗಿಂತ ಜಾಸ್ತಿ ಪ್ರಾಮಾಣಿಕವಾಗಿದೆ. ಅದರಲ್ಲಿರುವ 150 ಕೀರ್ತನೆಗಳಲ್ಲಿ, ಅಂದರೆ ಪ್ರಾರ್ಥನೆಯ ಹಾಡುಗಳಲ್ಲಿ, ಸುಮಾರು ಮೂರನೇ ಒಂದು ಭಾಗ ಬರೀ ಗೋಳು, ದೂರು. ಕೀರ್ತನೆ 13 ತೆಗೆದು ನೋಡಿ. ಇನ್ನೂ ಎಷ್ಟು ದಿನ ಅಂತ ದಾವೀದ ಶುರುವಿನಲ್ಲೇ ನಾಲ್ಕು ಸಲ ಕೇಳುತ್ತಾನೆ. ಕೊನೆಗಾದರೂ ಅವನಿಗೆ ಸ್ವಲ್ಪ ಸಮಾಧಾನ ಸಿಗುತ್ತದೆ. ಕೀರ್ತನೆ 88ರಲ್ಲಿ ಅದೂ ಇಲ್ಲ. ಹಗಲೂ ರಾತ್ರಿ ಕೂಗಿದೆ, ಯಾಕೆ ನನ್ನಿಂದ ಮುಖ ಮರೆಮಾಡಿದೆ ಅಂತ ಕೇಳಿಕೊಂಡು ಹೋಗಿ ಕತ್ತಲೆಯಲ್ಲೇ ಮುಗಿದುಬಿಡುತ್ತದೆ. ಆದರೂ ಅದನ್ನು ಪ್ರಾರ್ಥನೆ ಅಂತಲೇ ಉಳಿಸಿಕೊಂಡಿದ್ದಾರೆ. ಯಾಕೆಂದರೆ ಬರೆದವನು ದೇವರ ಬಗ್ಗೆ ದೂರುತ್ತಿಲ್ಲ, ದೇವರಿಗೇ ದೂರುತ್ತಿದ್ದಾನೆ. ಶಿಲುಬೆಯ ಮೇಲೆ ಯೇಸು ಕೂಡ 22ನೇ ಕೀರ್ತನೆಯ ಮಾತನ್ನೇ ಕೂಗಿದ, ಯಾಕೆ ನನ್ನ ಕೈಬಿಟ್ಟೆ ಅಂತ.

ನಮ್ಮ ತಂದೆ ಹಾಸಿಗೆ ಹಿಡಿದಿದ್ದಾಗ ನನಗೆ ಪ್ರಾರ್ಥಿಸಲು ಸ್ವಂತ ಮಾತೇ ಬರುತ್ತಿರಲಿಲ್ಲ. ರಾತ್ರಿ ಅವರ ಮಂಚದ ಪಕ್ಕ ಕೂತು ಕೀರ್ತನೆ 13ನ್ನು ಗಟ್ಟಿಯಾಗಿ ಓದುತ್ತಿದ್ದೆ, ಅಷ್ಟೇ. ಕೆಲವು ರಾತ್ರಿ ಮೊದಲ ಎರಡು ವಚನಕ್ಕೇ ನಿಲ್ಲಿಸುತ್ತಿದ್ದೆ, ಮುಂದಿನ ಭರವಸೆಯ ಮಾತು ಬಾಯಿಂದ ಹೊರಡುತ್ತಿರಲಿಲ್ಲ. ಅಪ್ಪ ಕಣ್ಣು ಮುಚ್ಚಿಕೊಂಡೇ 'ಮುಂದಕ್ಕೆ ಓದು' ಅನ್ನುತ್ತಿದ್ದರು. ನನಗೆ ಏನೂ ಅನಿಸದೆ ಓದಿದ ಆ ಸಾಲುಗಳನ್ನು ಅವರು ಹಿಡಿದುಕೊಂಡಿದ್ದರು. ಅವರು ಗುಣವಾಗಲಿಲ್ಲ. ನಾನು ಕೇಳಿದ ಉತ್ತರ ಸಿಗಲಿಲ್ಲ. ಆ ನೋವು ಈಗಲೂ ಇದೆ, ಈಗಲೂ ಪ್ರಾರ್ಥಿಸುತ್ತೇನೆ.

ಪ್ರವಾದಿ ಎಲೀಯನ ಕಥೆಯನ್ನೂ ಓದಿ, ಬೈಬಲಿನ ಒಂದನೆಯ ಅರಸುಗಳು ಪುಸ್ತಕದ 19ನೇ ಅಧ್ಯಾಯ. ಕರ್ಮೆಲ್ ಬೆಟ್ಟದ ಮೇಲೆ ಬಾಳ್ ದೇವತೆಯ ಪ್ರವಾದಿಗಳ ಎದುರು ಅಷ್ಟು ದೊಡ್ಡ ಗೆಲುವು ಕಂಡವನು ಮರುಕ್ಷಣ ಪ್ರಾಣಭಯದಿಂದ ಓಡಿಹೋಗುತ್ತಾನೆ. ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು ಸಾಕು, ಪ್ರಾಣ ತೆಗೆದುಬಿಡು ಅನ್ನುತ್ತಾನೆ. ದೇವರು ಬೈಯುವುದಿಲ್ಲ. ನಿನ್ನ ನಂಬಿಕೆ ಸಾಲದು ಅಂತ ಉಪದೇಶ ಮಾಡುವುದೂ ಇಲ್ಲ. ನಿದ್ದೆ, ಬಿಸಿ ರೊಟ್ಟಿ, ನೀರು. ಮತ್ತೆ ನಿದ್ದೆ, ಮತ್ತೆ ಊಟ. ಮುಂದಿನ ಮಾತೆಲ್ಲ ಆಮೇಲೆ. ಹಾಗಾಗಿ ನಿಮ್ಮನ್ನೂ ಕೇಳುತ್ತೇನೆ: ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನವಾಯಿತು? ಊಟ ಸೇರುತ್ತಿದೆಯಾ? ಬದುಕೇ ಬೇಡ ಅನ್ನುವ ಯೋಚನೆ ಬರುತ್ತಿದ್ದರೆ ಇವತ್ತೇ ಹತ್ತಿರದವರಿಗೆ ಹೇಳಿ, ಡಾಕ್ಟರ್ ಹತ್ತಿರ ಹೋಗಿ. ಅದು ನಂಬಿಕೆಯ ಕೊರತೆ ಅಂತ ಯಾರಾದರೂ ಅಂದರೆ ಆ ಮಾತನ್ನು ತಲೆಗೆ ಹಾಕಿಕೊಳ್ಳಬೇಡಿ.

ಮದರ್ ತೆರೇಸಾ ತೀರಿಕೊಂಡು ಹತ್ತು ವರ್ಷದ ಮೇಲೆ, 2007ರಲ್ಲಿ, ಅವರ ಖಾಸಗಿ ಪತ್ರಗಳು ಅಚ್ಚಾದವು. ದೇವರು ಇಲ್ಲವೇ ಇಲ್ಲ ಅನ್ನುವಂಥ ಒಳಗಿನ ಕತ್ತಲೆಯಲ್ಲಿ ಹಲವು ದಶಕ ಕಳೆದಿದ್ದನ್ನು ಅವರೇ ಅದರಲ್ಲಿ ಬರೆದಿದ್ದರು. ಪ್ರಾರ್ಥನೆ ಬಿಡಲಿಲ್ಲ, ಸಾಯುತ್ತಿರುವವರ ಆರೈಕೆಯನ್ನೂ ಬಿಡಲಿಲ್ಲ. ಎಲ್ಲರಿಗೂ ಅಷ್ಟು ದೀರ್ಘ ಕತ್ತಲೆ ಬರುತ್ತದೆ ಅಂತ ಹೆದರಿಸುತ್ತಿಲ್ಲ. ಏನೂ ಅನಿಸದಿದ್ದರೂ ಕ್ರಿಸ್ತನ ಜೊತೆ ನಡೆಯಲು ಆಗುತ್ತದೆ ಅಂತ ನನಗೆ ಧೈರ್ಯ ಕೊಟ್ಟಿದ್ದು ಅದು.

ಇನ್ನೊಂದು. ಒಬ್ಬರೇ ಇರಬೇಡಿ. ಮಾರ್ಕನ ಸುವಾರ್ತೆ 2ನೇ ಅಧ್ಯಾಯದಲ್ಲಿ ಪಾರ್ಶ್ವವಾಯು ಹೊಡೆದವನನ್ನು ನಾಲ್ಕು ಜನ ಹೊತ್ತು ತಂದು, ಮಾಳಿಗೆ ಬಿಚ್ಚಿ ಯೇಸುವಿನ ಮುಂದೆ ಇಳಿಸುತ್ತಾರೆ. ಯೇಸು 'ಅವರ' ನಂಬಿಕೆಯನ್ನು ನೋಡಿದ ಅಂತ ಅಲ್ಲಿ ಬರೆದಿದೆ. ಹಾಸಿಗೆಯ ಮೇಲಿದ್ದವನು ಏನು ಪ್ರಾರ್ಥಿಸಿದ ಅನ್ನುವ ಮಾತೇ ಇಲ್ಲ. ನಿಮ್ಮ ಸಭೆಯಲ್ಲಿ ಉಪದೇಶ ಮಾಡದೆ ಕೇಳಿಸಿಕೊಳ್ಳುವವರು ಒಬ್ಬರಾದರೂ ಇರುತ್ತಾರೆ ಅಲ್ವಾ? ಅವರ ಹತ್ತಿರ ಹೋಗಿ, 'ನನಗೆ ಪ್ರಾರ್ಥಿಸಲು ಆಗುತ್ತಿಲ್ಲ, ನನ್ನ ಪರವಾಗಿ ನೀವು ಮಾಡಿ' ಅಂತ ಹೇಳಿ. ಭಾನುವಾರ ಹೋಗಿ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತರೂ ಸಾಕು. ಹಾಡುವುದನ್ನು ಸದ್ಯಕ್ಕೆ ಅವರಿಗೇ ಬಿಡಿ.