ಬಂದೂಕು ಬಿಚ್ಚುವ ಮುನ್ನ: ಹೊಳಲ್ಕೆರೆಯ ಕಥೆಗಾರರಿಗೆ

ನಿಮ್ಮ ಕಥೆ ಓದಿದೆ. ನಮ್ಮ ಸೀಮೆಯ ಮಾತು ಬಾಯಲ್ಲಿ ಆಡಿದ ಹಾಗೇ ಇಳಿದಿದೆ, ಅಜ್ಜಿಯ ಪಾತ್ರ ಚೆನ್ನಾಗಿದೆ. ಹೊಗಳಿಕೆ ಇಷ್ಟೇ. ಈ ಸಲ ಅಚ್ಚು ಹಾಕುತ್ತಿಲ್ಲ. ಕಾರಣ ಹೇಳದೆ ವಾಪಸ್ ಕಳಿಸಲು ಮನಸ್ಸಾಗಲಿಲ್ಲ.

ಬರ್ಮಾ ಯುದ್ಧಕ್ಕೆ ಹೋಗಿಬಂದ ಅಜ್ಜ ಸತ್ತು ಎಷ್ಟೋ ವರ್ಷಕ್ಕೆ ಅಟ್ಟದ ಮೇಲೆ ತುಕ್ಕು ಹಿಡಿದ .303 ಬಂದೂಕು ಸಿಗುತ್ತದೆ. ಮೊಮ್ಮಗ ಅದನ್ನು ಬಿಚ್ಚಿ, ಇಲ್ಲದ ಭಾಗಗಳನ್ನು ಗುಜರಿಯಲ್ಲಿ ಹುಡುಕಿ, ಮತ್ತೆ ಜೋಡಿಸಿ, ಆಯುಧಪೂಜೆಯ ದಿನ ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಾನೆ. ಮನೆತನದ ವಸ್ತುವನ್ನು ಕೈಯಾರೆ ರಿಪೇರಿ ಮಾಡುವ ಕಥೆ ಅಂದಮೇಲೆ ಓದುಗ ಆ ಕೈಗಳನ್ನೇ ನೋಡುತ್ತಾನೆ. ನಿಮ್ಮ ನಾಯಕನ ಕೈ ಮೂರನೇ ಪುಟದಲ್ಲೇ ಸುಳ್ಳು ಹೇಳಿದೆ.

“ಮೊದಲು ಬಟ್ಟಿನೊಳಗಿನ ಉದ್ದ ಬೋಲ್ಟನ್ನು ತಿರುಗಿಸಿ ಬಟ್ಟನ್ನು ಬೇರ್ಪಡಿಸಿದ. ಆಮೇಲೆ ಮುಂದಿನ ಮರ ಬಿಚ್ಚಿದ.”

ನೀವೇ ಬರೆದಿರುವಂತೆ ಇದು ಲೀ-ಎನ್‌ಫೀಲ್ಡ್ ನಂಬರ್ 1 ಮಾರ್ಕ್ 3. 1907ರಲ್ಲಿ ಬಂದ ಮಾದರಿ, ನಮ್ಮಲ್ಲಿ ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ತಯಾರಾದದ್ದು. ಇದರ ಮರ ಒಂದೇ ತುಂಡಲ್ಲ. ಹೆಗಲಿಗೆ ಒತ್ತುವ ಬಟ್ಟು ಬೇರೆ, ನಳಿಗೆಯ ಕೆಳಗಿನ ಮರ ಬೇರೆ. ಬಟ್ಟಿನ ಒಳಗೆ ಹಾದುಬರುವ ಆ ಉದ್ದ ಬೋಲ್ಟಿನ ತುದಿ ಚೌಕಾಕಾರ. ತಾನಾಗಿ ಸಡಿಲವಾಗದಿರಲಿ ಅಂತ ಆ ಚೌಕ ತುದಿ ಮುಂದಿನ ಮರದ ಬಾಲದಲ್ಲಿರುವ ಒಂದು ಪುಟ್ಟ ಕಬ್ಬಿಣದ ತಗಡಿಗೆ ಕಚ್ಚಿಕೊಂಡಿರುತ್ತದೆ. ಮುಂದಿನ ಮರ ಅಲ್ಲೇ ಇರುವಾಗ ಬೋಲ್ಟ್ ತಿರುಗಿಸಿದರೆ ಚೌಕ ತುದಿಯೂ ತಿರುಗಿ ಮರದ ಬಾಲವನ್ನು ಸೀಳಿಬಿಡುತ್ತದೆ. ಹಳೇ .303ಗಳಲ್ಲಿ ಕಾಣುವ ಎಷ್ಟೋ ಬಿರುಕುಗಳಿಗೆ ಯುದ್ಧ ಕಾರಣವಲ್ಲ, ಅವಸರದ ಸ್ಕ್ರೂಡ್ರೈವರ್ ಕಾರಣ.

ಸರಿಯಾದ ಕ್ರಮ ತಿರುಗುಮುರುಗು. ತೋಟಾ ಇಲ್ಲ ಅಂತ ಕಣ್ಣಾರೆ ನೋಡಿ ಮ್ಯಾಗಝಿನ್ ತೆಗೆಯಬೇಕು. ನಡುವಿನ ಪಟ್ಟಿ, ಮೂತಿಯ ಕಬ್ಬಿಣದ ಕವಚ, ಕುದುರೆಯ ಸುತ್ತಲಿನ ಗಾರ್ಡು, ಇವೆಲ್ಲ ಬಿಚ್ಚಿದ ಮೇಲೆ ಮುಂದಿನ ಮರ ಕೆಳಗಿಳಿಯುತ್ತದೆ. ಬಟ್ಟಿನ ಸರದಿ ಕೊನೆಗೆ. ಬಟ್ಟಿನ ಹಿಂತುದಿಯ ಹಿತ್ತಾಳೆ ಪಟ್ಟಿ ತೆಗೆದು, ರಂಧ್ರದಲ್ಲಿ ತುರುಕಿರುವ ತೊಗಲಿನ ಬಿರಡೆ ಎಳೆದು, ಒಂದಡಿಗೂ ಉದ್ದದ, ಅಗಲ ಬಾಯಿಯ ಸ್ಕ್ರೂಡ್ರೈವರ್ ಇಳಿಸಬೇಕು. ಬಾಯಿ ಕಿರಿದಾಗಿದ್ದರೆ ಅದು ಬೋಲ್ಟಿನ ತಲೆಯಿಂದ ಜಾರಿ ಪಕ್ಕದ ಮರಕ್ಕೆ ಬೆಣೆ ಹೊಡೆದ ಹಾಗೆ ನಾಟಿ ಬಟ್ಟೂ ಸೀಳುತ್ತದೆ. ನಳಿಗೆಯನ್ನು ಮುಂದಿನ ಮರಕ್ಕೆ ಹಿಡಿದಿಡುವ ಒಳಪಟ್ಟಿಯ ಸ್ಕ್ರೂ ಜೊತೆ ಒಂದು ಸಣ್ಣ ಸ್ಪ್ರಿಂಗ್ ಇದೆ. ಅದು ಹಾರಿ ಮಂಚದ ಕೆಳಗೆ ಹೋಗಲಿ, ಮೊಮ್ಮಗನ ಜೊತೆ ಅಜ್ಜಿಯೂ ಬಗ್ಗಿ ಹುಡುಕಲಿ. ನಿಮ್ಮ ಎರಡು ಪುಟದ ಕಣ್ಣೀರಿಗಿಂತ ಆ ಹುಡುಕಾಟ ನನಗೆ ಬೇಕು.

ದಾವಣಗೆರೆಯಲ್ಲಿ ಅಚ್ಚಿನ ಮೊಳೆ ಜೋಡಿಸುವ ಪ್ರೆಸ್ಸಿಗೆ ನಾನು ಸೇರಿದ ಹೊಸದರಲ್ಲಿ, ಪುಟ ಕಟ್ಟಿದ ಚೌಕಟ್ಟಿನ ಬೆಣೆಗಳನ್ನು ತೋಚಿದ ಹಾಗೆ ಸಡಿಲಿಸಿ, ಎಂಟು ಪುಟದ ಮೊಳೆ ನೆಲಕ್ಕೆ ಸುರಿದಿದ್ದೆ. ಹಿರಿಯ ಕಂಪೋಸಿಟರ್ ಬೈಯಲಿಲ್ಲ. ಒಂದೊಂದೇ ಅಕ್ಷರ ಆರಿಸಿ ಅದರದರ ಖಾನೆಗೆ ಹಾಕುವವರೆಗೆ ಊಟಕ್ಕೆ ಬಿಡಲಿಲ್ಲ, ಅಷ್ಟೆ. ನಿಮ್ಮ ಸಾಲು ಓದಿದಾಗ ಬೆರಳಿಗೆ ಆ ಸೀಸದ ಮಸಿ ಮತ್ತೆ ಹತ್ತಿದ ಹಾಗಾಯಿತು.

ಮುಂದಿನ ಸಾಲು: “ಪಾಲಿಶ್ ಪೇಪರ್ ಹಾಕಿ ಉಜ್ಜಿ, ಮಂಡಿಪೇಟೆಯಿಂದ ತಂದ ವಾರ್ನಿಷ್ ಬಳಿದಾಗ ಮರಕ್ಕೆ ಜೀವ ಬಂತು.”

ಜೀವ ಹೋಯಿತು ಅನ್ನಿ. ಉಜ್ಜಿದರೆ ಮೊದಲು ಅಳಿಸುವುದು ಮರಕ್ಕೆ ಒತ್ತಿದ ಮುದ್ರೆಗಳು. ಆಮೇಲೆ ಮರ ತಗ್ಗಿ, ಹಿತ್ತಾಳೆ ಪಟ್ಟಿಯ ಅಂಚು ಮೇಲೆದ್ದು ನಿಲ್ಲುತ್ತದೆ. ತೆಗೆದ ಮರ ವಾಪಸ್ ಬರುವುದಿಲ್ಲ. ಪೆಟ್ಟು ತಾಗಿ ತಗ್ಗು ಬಿದ್ದಲ್ಲಿ ಮಾತ್ರ ಒದ್ದೆ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆ ಒತ್ತಿದರೆ ಆವಿಗೆ ನಾರು ಉಬ್ಬಿ ತಗ್ಗು ಏಳುತ್ತದೆ. ನಾರು ತುಂಡಾಗಿದ್ದರೆ ಏಳುವುದಿಲ್ಲ, ಆ ಗಾಯ ಇರಲಿ ಬಿಡಿ. ಆಮೇಲೆ ಕಾಯಿಸದ ಅಗಸೆ ಎಣ್ಣೆಯನ್ನು ಅಂಗೈಯಲ್ಲಿ ತೆಳ್ಳಗೆ ತಿಕ್ಕಿ, ಅರ್ಧ ಗಂಟೆ ಬಿಟ್ಟು, ಉಳಿದದ್ದನ್ನು ಒರೆಸಬೇಕು. ಮಾರನೇ ದಿನ ಮತ್ತೆ. ಹೀಗೆ ಒಂದೆರಡು ವಾರ. ಒರೆಸದೆ ಬಿಟ್ಟರೆ ಅಂಟು ಗಟ್ಟಿಕಟ್ಟಿ ಧೂಳು ಹಿಡಿಯುತ್ತದೆ. ರೊಟ್ಟಿಗೆ ಅಗಸೆ ಚಟ್ನಿಪುಡಿ ಹಚ್ಚಿಕೊಂಡು ಬೆಳೆದ ಹುಡುಗ ವಾರ್ನಿಷ್ ಡಬ್ಬಿಗೆ ಯಾಕೆ ಕೈಹಾಕಿದ ಅಂತ ತಿಳಿಯಲಿಲ್ಲ.

“ನೂರು ಯುದ್ಧಗಳ ನೋವು ಆ ಮರದಲ್ಲಿ ಮಿಡಿಯುತ್ತಿತ್ತು” ಎಂಬುದನ್ನು ಹೊಡೆದುಹಾಕಿದ್ದೇನೆ. ಈ ಬಂದೂಕಿನ ಬಟ್ಟುಗಳು ಸಿಪಾಯಿಯ ತೋಳಿಗೆ ತಕ್ಕಂತೆ ಬೇರೆ ಬೇರೆ ಉದ್ದದಲ್ಲಿ ಬರುತ್ತಿದ್ದವು. ಸಾಧಾರಣ ಅಳತೆಗೆ ಹೆಚ್ಚಾಗಿ ಗುರುತಿಲ್ಲ. ಅದಕ್ಕಿಂತ ಅರ್ಧ ಇಂಚು ಗಿಡ್ಡದ್ದಕ್ಕೆ ಇಂಗ್ಲಿಷಿನ ‘ಎಸ್’, ಅರ್ಧ ಇಂಚು ಉದ್ದದ್ದಕ್ಕೆ ‘ಎಲ್’ ಅಕ್ಷರ ಒತ್ತುತ್ತಿದ್ದರು. ಎಣ್ಣೆ ತಿಕ್ಕುವಾಗ ಆ ‘ಎಸ್’ ಮೇಲೆದ್ದು ಕಾಣಲಿ. ಆರಡಿ ಆಳು ಅಂತ ಮನೆಯವರೆಲ್ಲ ಹೇಳಿಕೊಂಡು ಬಂದ ಅಜ್ಜ ಗಿಡ್ಡ ತೋಳಿನವರು ಅಂತ ಮೊಮ್ಮಗನಿಗೆ ಆಗ ಗೊತ್ತಾಗಲಿ.

ಇನ್ನೊಂದು ತಕರಾರು ದೊಡ್ಡದು. ಸಿಪಾಯಿಗೆ ಕೊಟ್ಟ ಬಂದೂಕು ಸರ್ಕಾರದ್ದು, ನಂಬರು ದಫ್ತರದಲ್ಲಿರುತ್ತದೆ. ರಜೆಗೆ ಬಂದವರು ಟ್ರಂಕಿನಲ್ಲಿ ಇಟ್ಟುಕೊಂಡು ಬರುವ ಸಾಮಾನಲ್ಲ. ಸೇನೆಯ ತೋಟಾ ಹಿಡಿಸುವ ಬೋರು (ನಳಿಗೆಯ ಒಳ ಅಳತೆ) ಅಂತಲೇ .303 ಸಾಮಾನ್ಯರಿಗೆ ಸಿಗದು. ನಾಗರಿಕರಿಗೆ ಇಶಾಪುರದವರು .315 ಮಾಡಿಕೊಟ್ಟದ್ದು ಅದಕ್ಕೇ. 1959ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದವರು ಬಂದೂಕು ರಿಪೇರಿ ಮಾಡುವುದೂ ಅಪರಾಧ. ನಿಮ್ಮ ಹದಿನಾಲ್ಕು ಪುಟದಲ್ಲಿ ಲೈಸೆನ್ಸ್ ಎಂಬ ಮಾತೇ ಇಲ್ಲ, ಠಾಣೆಯ ಭಯವೂ ಇಲ್ಲ. ಅದೂ ಅಲ್ಲದೆ ಗುಜರಿಯಲ್ಲಿ ಸಿಕ್ಕ ಬೋಲ್ಟ್ ಹಾಕಿ ಗುಂಡು ಹಾರಿಸುತ್ತಾನೆ! ಇದು ಬಟ್ಟಿನೊಳಗಿನ ಬೋಲ್ಟಲ್ಲ, ತೋಟಾವನ್ನು ನಳಿಗೆಗೆ ತಳ್ಳಿ ಹಿಂದಿನಿಂದ ಮುಚ್ಚುವ ಬೋಲ್ಟು. ಒಂದೊಂದು ಬೋಲ್ಟನ್ನೂ ಅದರದೇ ಬಂದೂಕಿಗೆ ಹೊಂದಿಸಿ, ಎರಡಕ್ಕೂ ಒಂದೇ ನಂಬರು ಒತ್ತಿರುತ್ತಾರೆ. ಬೇರೆಯದು ಸೇರಿದರೆ ತೋಟಾದ ಹಿಂಬದಿ ಹರಿದು ಬಿಸಿಗಾಳಿ ಮುಖಕ್ಕೇ ನುಗ್ಗಬಹುದು. ಆಕಾಶಕ್ಕೆ ಹಾರುವ ಗುಂಡನ್ನು ತೆಗೆಯಿರಿ.

ಅಜ್ಜ ತಂದದ್ದು ಬರೀ ಒಡೆದ ಬಟ್ಟು, ಅದರ ಹಿತ್ತಾಳೆ ಪಟ್ಟಿ, ಒಳಗಿನ ಗೂಡಿನಲ್ಲಿದ್ದ ಎಣ್ಣೆ ಬಾಟಲಿ ಅಂತ ಮಾಡಿ ನೋಡಿ. ಆಗ ಬಿಚ್ಚುವ ದೃಶ್ಯವೇ ಬಿದ್ದುಹೋಗುತ್ತದೆ, ನಾನು ಇಷ್ಟುದ್ದ ಬರೆದದ್ದೂ ದಂಡ. ಆದರೂ ಪರವಾಗಿಲ್ಲ, ಮರ ಸಾಕು.

ತಿದ್ದುವಾಗ ಒಂಬತ್ತನೇ ಪುಟಕ್ಕೆ ಹೋಗಿ. “ಬಟ್ಟೆಯನ್ನು ಮುದ್ದೆ ಮಾಡಿ ಅಟ್ಟದ ಹುಲ್ಲಿನ ಮೇಲೆ ಎಸೆದ” ಅಂದಿದ್ದೀರಿ. ವಾರ್ನಿಷ್ ಬಿಟ್ಟು ಅಗಸೆ ಎಣ್ಣೆ ಹಿಡಿದಿರಾದರೆ ಈ ಸಾಲು ಇರುವಂತಿಲ್ಲ. ಅಗಸೆ ಎಣ್ಣೆಯ ಬಟ್ಟೆ ಮುದ್ದೆಯಾಗಿ ಬಿದ್ದರೆ ಒಣಗುತ್ತಾ ತಾನೇ ಕಾದು ಹೊತ್ತಿಕೊಳ್ಳಬಹುದು. ಒಂದೋ ಅದನ್ನು ಹಿತ್ತಲ ತಂತಿಗೆ ಹರವಿಸಿ, ಇಲ್ಲವೇ ಹತ್ತನೇ ಪುಟದಲ್ಲಿ ಮನೆಗೆ ಬೆಂಕಿ ಬೀಳಿಸಿ.