ತಿಂಗಳು ತಪ್ಪಿದಾಗ ಮೊದಲು ಏನು ನೋಡಬೇಕು?

ಓದುಗರ ಪ್ರಶ್ನೆ, ವೈದ್ಯರ ಉತ್ತರ

ನನಗೆ 27 ವರ್ಷ, ಮದುವೆಯಾಗಿದೆ. ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ. ಒಂದು ವರ್ಷದಲ್ಲಿ 8 ಕೆ.ಜಿ. ತೂಕ ಏರಿದೆ, ಗದ್ದದ ಮೇಲೆ ಕೂದಲು ಬರ್ತಿದೆ. ಹಿಂದೆ ಹೀಗಾದಾಗ ಮೆಡಿಕಲ್ ಸ್ಟೋರಿಂದ ಐದು ದಿನದ ಮಾತ್ರೆ ತಂದು ನುಂಗಿದೆ, ಮುಟ್ಟಾಯ್ತು. ಆಮೇಲೆ ಮತ್ತೆ ನಿಂತಿತು. ಕೆಟ್ಟ ರಕ್ತ ಒಳಗೇ ಸೇರಿಕೊಳ್ಳುತ್ತೆ ಅಂತಾರೆ ನಮ್ಮತ್ತೆ. ಹೌದಾ?
– ಹೆಸರು ಬೇಡ, ಕೋಲಾರ

ರಕ್ತ ಎಲ್ಲೂ ಸೇರಿಕೊಂಡಿಲ್ಲ, ಆ ಭಯ ಬಿಡಿ. ಆದರೆ ಆ ಮಾತ್ರೆಯನ್ನು ಮತ್ತೆ ನೀವಾಗಿಯೇ ತರಬೇಡಿ.

ಮೊದಲು ಗರ್ಭ ನಿಂತಿದೆಯೇ ನೋಡಿ. ಮುಟ್ಟು ಮುಂಚಿನಿಂದಲೂ ಏರುಪೇರು ಎಂಬ ಕಾರಣಕ್ಕೆ ಇದನ್ನು ಬಿಡುವ ಹಾಗಿಲ್ಲ. ಆಶಾ ಕಾರ್ಯಕರ್ತೆಯ ಬಳಿ ಕಿಟ್ ಸಿಗುತ್ತದೆ. ಬೆಳಗ್ಗೆ ಎದ್ದ ಕೂಡಲೇ ಹೋಗುವ ಮೂತ್ರ ಹಿಡಿದು, ಕಿಟ್ ಮೇಲೆ ಬರೆದಷ್ಟು ಹನಿ (ಸಾಮಾನ್ಯವಾಗಿ 2–3) ಹಾಕಿ, 5 ನಿಮಿಷಕ್ಕೆ ನೋಡಿ. ಎರಡನೇ ಗೆರೆ ತೆಳುವಾಗಿದ್ದರೂ ಅದು ಗೆರೆಯೇ. ಅರ್ಧ ಗಂಟೆ ಬಿಟ್ಟು ಮೂಡಿದ ಗೆರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಒಂದೇ ಗೆರೆ ಬಂದರೆ ವಾರ ಬಿಟ್ಟು ಇನ್ನೊಮ್ಮೆ ಮಾಡಿ. ಎರಡು ಗೆರೆ ಬಂದು, ಕಿಬ್ಬೊಟ್ಟೆಯ ಒಂದು ಪಕ್ಕ ನೋವು, ತಲೆಸುತ್ತು ಇದ್ದರೆ ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿರಬಹುದು. ಆಗ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಗರ್ಭ ಇಲ್ಲವೆಂದಾದರೆ, ನೀವು ಬರೆದ ಲಕ್ಷಣ ನೋಡಿ ಮೊದಲು ಅನುಮಾನ ಬರುವುದು ಪಿಸಿಓಎಸ್ ಮೇಲೆ, ಅಂದರೆ ಹಾರ್ಮೋನು ಏರುಪೇರಾಗಿ ಅಂಡಾಶಯದಿಂದ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ. ಅಂಡ ಬಿಡುಗಡೆಯಾಗದ ತಿಂಗಳಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ತಯಾರಾಗುವುದಿಲ್ಲ. ಇನ್ನೊಂದು ಹಾರ್ಮೋನು ಈಸ್ಟ್ರೊಜನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತಲೇ ಇರುತ್ತದೆ, ಅದು ಉದುರುವುದಿಲ್ಲ. ನೀವು ನುಂಗಿದ್ದು ಬಹುಶಃ ಪ್ರೊಜೆಸ್ಟರಾನ್ ಜಾತಿಯ ಮಾತ್ರೆ; ಅದನ್ನು ನಿಲ್ಲಿಸಿದ ಕೆಲವು ದಿನಕ್ಕೆ ಪದರ ಉದುರಿ ರಕ್ತ ಬಂತು. ಅಂದರೆ ಗರ್ಭಕೋಶ, ರಕ್ತ ಹೊರಬರುವ ದಾರಿ ಎರಡೂ ಸರಿ ಇವೆ. ಅಂಡ ಬಿಡುಗಡೆಯಾಗದ ಕಾರಣ ಮಾತ್ರ ಹಾಗೇ ಉಳಿಯಿತು, ಅದಕ್ಕೇ ಮತ್ತೆ ನಿಂತಿದ್ದು.

ಹಾಗಂತ ವರ್ಷಗಟ್ಟಲೆ ಸುಮ್ಮನಿರುವುದೂ ತಪ್ಪು. ಪದರ ಉದುರದೆ ದಪ್ಪವಾಗುತ್ತಾ ಹೋದರೆ ಒಮ್ಮೆಲೇ ವಿಪರೀತ ರಕ್ತಸ್ರಾವವಾಗಬಹುದು, ಮುಂದೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಅಪಾಯವೂ ಹೆಚ್ಚು. ಅದಕ್ಕೇ ಮೂರು ತಿಂಗಳು ಮೀರಿದರೆ ವೈದ್ಯರೇ ಮಾತ್ರೆ ಕೊಟ್ಟು ಮುಟ್ಟು ಬರಿಸುವುದುಂಟು, ಕಾರಣ ಪತ್ತೆ ಮಾಡಿದ ಮೇಲೆ.

ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗಿ. ಟಿಎಸ್‌ಎಚ್ (ಥೈರಾಯ್ಡ್ ನೋಡಲು), ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನು), ಎಫ್‌ಎಸ್‌ಎಚ್ (ಅಂಡಾಶಯದ ಕೆಲಸ ನೋಡಲು), ಟೆಸ್ಟೊಸ್ಟೆರಾನ್ (ಗಂಡಸರಲ್ಲಿ ಹೆಚ್ಚಿರುವ ಹಾರ್ಮೋನು), ಸಕ್ಕರೆ ಪರೀಕ್ಷೆ ಮತ್ತು ಸ್ಕ್ಯಾನಿಂಗ್ ಬೇಕಾಗಬಹುದು. ಕಳೆದ ಮೂರು ಮುಟ್ಟಿನ ದಿನಾಂಕ ಬರೆದುಕೊಂಡು ಹೋಗಿ. ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ, ಗ್ಯಾಸ್ಟ್ರಿಕ್ ಮಾತ್ರೆ ಸೇರಿಸಿ. ಅದರಲ್ಲಿ ಡೊಂಪೆರಿಡೋನ್ ಇದ್ದರೆ ಪ್ರೊಲ್ಯಾಕ್ಟಿನ್ ಏರಿ ಮುಟ್ಟು ನಿಲ್ಲಬಹುದು. ಇದನ್ನು ಯಾರೂ ಹೇಳದೆ ಬಿಟ್ಟು, ಬೇಡದ ಪರೀಕ್ಷೆಗಳಿಗೆಲ್ಲ ದುಡ್ಡು ಸುರಿಯುವವರಿದ್ದಾರೆ.

ಪಿಸಿಓಎಸ್ ಎಂದೇ ಆದರೆ, ತೂಕದಲ್ಲಿ ನೂರಕ್ಕೆ 5ರಿಂದ 10ರಷ್ಟು ಇಳಿದರೂ ಅನೇಕರಿಗೆ ಮುಟ್ಟು ತಾನಾಗಿ ಶುರುವಾಗುತ್ತದೆ. 70 ಕೆ.ಜಿ. ಇದ್ದವರಿಗೆ ಅದು ಮೂರೂವರೆಯಿಂದ ಏಳು ಕೆ.ಜಿ. ಮುದ್ದೆ ಬಿಡಬೇಕಾಗಿಲ್ಲ. ಮುದ್ದೆಯ ಮೇಲೆ ಅನ್ನವನ್ನೂ ತಟ್ಟೆ ತುಂಬ ಉಣ್ಣುವುದನ್ನು ಬಿಡಿ. ಬಸ್ಸಾರಿನ ಸೊಪ್ಪು, ಕಾಳು ಜಾಸ್ತಿ ಇರಲಿ. ವಾರಕ್ಕೆ 5 ದಿನ, ದಿನಕ್ಕೆ 30 ನಿಮಿಷ ಬಿರುಸು ನಡಿಗೆ ಬೇಕು.

ಮಗಳಿಗೆ 15 ತುಂಬಿದೆ, ಇನ್ನೂ ದೊಡ್ಡವಳಾಗಿಲ್ಲ. ಎದೆ ಬೆಳವಣಿಗೆ ಇದೆ. ಐದಾರು ತಿಂಗಳಿಂದ ತಿಂಗಳಿಗೊಮ್ಮೆ ಮೂರು ದಿನ ಹೊಟ್ಟೆನೋವು ಅಂತ ಒದ್ದಾಡ್ತಾಳೆ. ಕಾಯಬಹುದಾ?
– ತಾಯಿ, ಪಾವಗಡ

ಕಾಯಬೇಡಿ ಅಮ್ಮ, ಈ ವಾರವೇ ಕರೆದುಕೊಂಡು ಹೋಗಿ. ಮುಟ್ಟು ಆಗುತ್ತಿದ್ದು, ಯೋನಿಯ ಬಾಯಲ್ಲಿರುವ ಪೊರೆ ಪೂರ್ತಿ ಮುಚ್ಚಿದ್ದರೆ ರಕ್ತ ಹೊರಗೆ ಬರುವುದಿಲ್ಲ. ರಕ್ತ ನಿಜವಾಗಿಯೂ ಒಳಗೆ ನಿಲ್ಲುವುದು ಇಂಥ ಕಡೆ. ಹೊರಗಿನಿಂದ ನೋಡಿ, ಹೊಟ್ಟೆಯ ಮೇಲಿಂದ ಸ್ಕ್ಯಾನ್ ಮಾಡಿದರೆ ಸಾಮಾನ್ಯವಾಗಿ ತಿಳಿಯುತ್ತದೆ. ಪೊರೆಯಷ್ಟೇ ಅಡ್ಡವಿದ್ದರೆ ಚಿಕ್ಕ ಆಪರೇಷನ್ ಸಾಕು. ಮೂತ್ರ ಕಟ್ಟಿದರೆ ಅದೇ ದಿನ ಹೋಗಬೇಕು.

ನೋವಿಲ್ಲದಿದ್ದರೂ 15ಕ್ಕೆ ಮುಟ್ಟಾಗದಿದ್ದರೆ, ಇಲ್ಲವೇ 13ಕ್ಕೆ ಎದೆ ಬೆಳವಣಿಗೆಯೇ ಶುರುವಾಗದಿದ್ದರೆ ತೋರಿಸಲೇಬೇಕು. ಪರೀಕ್ಷೆ ಮಾಡುವಾಗ ನೀವು ಜೊತೆಗಿರಿ, ಅವಳಿಗೆ ಮೊದಲೇ ಎಲ್ಲ ಹೇಳಿ. ಹೇಳದೆ ಕರೆದೊಯ್ದರೆ ಮಕ್ಕಳು ಹೆದರುತ್ತಾರೆ.

ಎರಡನೇ ಅಂತರಾ ಇಂಜೆಕ್ಷನ್ ಆದ ಮೇಲೆ ಮುಟ್ಟು ನಿಂತುಬಿಟ್ಟಿದೆ. ತೊಂದರೆಯೇ?
– ಗೃಹಿಣಿ, ಗೌರಿಬಿದನೂರು

ಇಲ್ಲ. ಗರ್ಭ ನಿಲ್ಲದಂತೆ ಹಾಕುವ ಈ ಇಂಜೆಕ್ಷನ್ ಗರ್ಭಕೋಶದ ಒಳಪದರವನ್ನು ತೆಳುವಾಗಿಸುತ್ತದೆ, ಉದುರಲು ಅಲ್ಲಿ ಏನೂ ಇರುವುದಿಲ್ಲ. 3 ತಿಂಗಳಿಗೊಮ್ಮೆ ಸರಿಯಾಗಿ ಹಾಕಿಸಿಕೊಳ್ಳಿ. ಹಾಕಿಸಬೇಕಾದ ದಿನ ದಾಟಿ 4 ವಾರ ಮೀರಿದ್ದರೆ ಮಾತ್ರ ಮೊದಲು ಗರ್ಭ ಪರೀಕ್ಷೆ ಮಾಡಿಸಿ. ಮಗು ಬೇಕೆನಿಸಿದಾಗ ನಿಲ್ಲಿಸಿ, ಆದರೆ ಕೊನೆಯ ಇಂಜೆಕ್ಷನ್ ಆದ ಮೇಲೆ ಗರ್ಭ ನಿಲ್ಲಲು ಸಾಮಾನ್ಯವಾಗಿ 7ರಿಂದ 10 ತಿಂಗಳು ಹಿಡಿಯುತ್ತದೆ. ಈ ಲೆಕ್ಕ ಮನೆಯವರಿಗೂ ಗೊತ್ತಿರಲಿ.